ದಡದಿಂದಲೇ ಬಾಸ್ ಮೀನು: ಜಗ್ಗಾಡುವ ಮೀನಿಗೆ ತಕ್ಕ ರಾಡ್, ರೀಲ್, ಲೈನ್

ಅಮೆರಿಕದಲ್ಲಿ ಬಾಸ್ ಹಿಡಿಯುವುದು ಅಂದರೆ ಜನರ ಕಣ್ಣ ಮುಂದೆ ಬರುವುದು ಮಿರಮಿರ ಮಿಂಚುವ ದೋಣಿ, ಅದರ ಮೇಲೆ ಸಾಲಾಗಿ ಇಟ್ಟ ರಾಡ್‌ಗಳು. ಅದನ್ನು ನೋಡಿ ‘ಇದು ನಮ್ಮಂಥವರಿಗಲ್ಲ’ ಅಂತ ಸುಮ್ಮನಾಗುವವರು ಜಾಸ್ತಿ. ಆದರೆ ಲಾರ್ಜ್‌ಮೌತ್ ಬಾಸ್ ವರ್ಷದ ಹೆಚ್ಚಿನ ಕಾಲ ದಡದ ಹತ್ತಿರವೇ ಬೇಟೆಯಾಡುವ ಮೀನು. ದೋಣಿಯವರು ಕೂಡ ನಡುನೀರಿನಿಂದ ದಡದ ಕಡೆಗೇ ಎಸೆಯುತ್ತಾರೆ. ನೀವು ಆಗಲೇ ಆ ದಡದಲ್ಲಿ ನಿಂತಿದ್ದೀರಿ.

ಇದನ್ನು ಟೆಕ್ಸಾಸ್ ರಾಜ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಡಾಲಸ್, ಆಸ್ಟಿನ್, ಹ್ಯೂಸ್ಟನ್ ಸುತ್ತ ನಮ್ಮ ಕನ್ನಡದವರು ಸಾಕಷ್ಟು ಜನ ಇದ್ದಾರೆ. ಅಲ್ಲಿನ ಬಡಾವಣೆಗಳ ಆಸುಪಾಸಿನಲ್ಲೇ ಬಾಸ್ ಇರುವ ಕೆರೆಗಳೂ ಇವೆ. ನೀವು ಬೇರೆ ರಾಜ್ಯದಲ್ಲಿದ್ದರೆ ನಿಯಮ ಬೇರೆ ಇರುತ್ತದೆ. ಮೀನಿನ ಸ್ವಭಾವ, ಸಾಮಾನಿನ ಲೆಕ್ಕ ಎರಡೂ ಇದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರಾಡ್, ಲೈನ್ ಆರಿಸುವಾಗ ಮೀನಿನ ತೂಕವನ್ನಷ್ಟೇ ನೋಡಬೇಡಿ. ಗಾಳಕ್ಕೆ ಬಿದ್ದ ಮೇಲೆ ಅದು ಎಲ್ಲಿಗೆ ನುಗ್ಗುತ್ತದೆ ಅಂತ ನೋಡಿ. ಮೂರು ಪೌಂಡಿನ ಬಾಸ್ ತೆರೆದ ನೀರಿನಲ್ಲಿ ತೆಳು ಲೈನಿಗೂ ಸಿಗುತ್ತದೆ. ಅದೇ ಮೀನು ಮುಳುಗಿದ ಮರದ ಕೊಂಬೆಗಳೊಳಗೆ ಹೊಕ್ಕರೆ ಅದರ ಎರಡರಷ್ಟು ಗಟ್ಟಿ ಲೈನೂ ಸಾಲದು. ದೋಣಿಯವರು ಮೀನಿನ ಬಳಿಗೇ ಹೋಗಿ ಬಿಡಿಸಿಕೊಳ್ಳಬಹುದು. ದಡದಲ್ಲಿ ನಿಂತವರಿಗೆ ಆ ದಾರಿಯಿಲ್ಲ. ಮೀನನ್ನು ಕೊಂಬೆಯೊಳಗೆ ಹೋಗಲು ಬಿಡದೇ ಇರುವುದೊಂದೇ ಉಪಾಯ.

ಮೀನನ್ನು ತಿಳಿದುಕೊಳ್ಳಿ

ಬಾಸ್ ದೂರದವರೆಗೆ ಬೆನ್ನಟ್ಟಿ ಬೇಟೆಯಾಡುವ ಮೀನಲ್ಲ. ನೆರಳಿನಲ್ಲಿ, ಕಳೆಯ ಅಂಚಿನಲ್ಲಿ, ಮರದ ಬುಡದಲ್ಲಿ ಹೊಂಚು ಹಾಕಿ ನಿಂತಿರುತ್ತದೆ. ಬೇಟೆ ಹತ್ತಿರ ಬಂದ ಕೂಡಲೇ ಬಾಯಿ ಅಗಲಿಸಿ ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಬೇಡ ಅನಿಸಿದರೆ ಅಷ್ಟೇ ಬೇಗ ಉಗುಳುತ್ತದೆ. ಗುರುತು ಹಿಡಿಯುವುದು ಸುಲಭ. ಬಾಯಿ ಮುಚ್ಚಿದಾಗ ಮೇಲ್ದವಡೆ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುತ್ತದೆ, ಪಕ್ಕೆಯ ಉದ್ದಕ್ಕೂ ಕಪ್ಪು ಪಟ್ಟೆ ಇರುತ್ತದೆ.

ಈ ಮೀನು ಕೈ ತಪ್ಪುವುದು ಹೆಚ್ಚಾಗಿ ಮೂರು ಗಳಿಗೆಯಲ್ಲಿ. ಕಚ್ಚಿದ ಮೊದಲ ಕೆಲವು ಸೆಕೆಂಡಿನಲ್ಲಿ ಅದು ತನ್ನ ಅಡಗುತಾಣಕ್ಕೆ ನುಗ್ಗುತ್ತದೆ. ಆಮೇಲೆ ನೀರಿನಿಂದ ಮೇಲಕ್ಕೆ ಹಾರಿ ತಲೆ ಕೊಡವಿ ಗಾಳ ಕಿತ್ತೊಗೆಯಲು ನೋಡುತ್ತದೆ. ಕೊನೆಗೆ, ಸಿಕ್ಕೇಬಿಟ್ಟಿತು ಅಂತ ನಾವು ಸಡಿಲಾಗುವ ಹೊತ್ತಿಗೆ, ಕಾಲಬುಡದಲ್ಲಿ ಇನ್ನೊಂದು ಸಲ ಜಗ್ಗುತ್ತದೆ. ಮುಂದೆ ಹೇಳುವ ಎಲ್ಲ ಸಾಮಾನೂ ಈ ಮೂರು ಗಳಿಗೆಗಾಗಿಯೇ.

ಕೆರೆಯಲ್ಲಿ ಸಾಮಾನ್ಯವಾಗಿ ಸಿಗುವುದು ಒಂದರಿಂದ ಮೂರು ಪೌಂಡಿನ ಮೀನು. ಹಾಗಂತ ದೊಡ್ಡದು ಇಲ್ಲವೆಂದಲ್ಲ. 1992ರಲ್ಲಿ ಲೇಕ್ ಫೋರ್ಕ್‌ನಲ್ಲಿ ಸಿಕ್ಕ 18.18 ಪೌಂಡಿನ ಬಾಸ್ ಟೆಕ್ಸಾಸ್‌ನ ದಾಖಲೆ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದದ್ದು 22 ಪೌಂಡ್ 4 ಔನ್ಸ್, ಅದು ವಿಶ್ವದಾಖಲೆ. 2009ರಲ್ಲಿ ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರಿತಾ ಅದಕ್ಕೆ ಸರಿಸಮ ಮಾಡಿದರು.

ಹೊರಡುವ ಮೊದಲು ಲೈಸೆನ್ಸ್

ಟೆಕ್ಸಾಸ್‌ನಲ್ಲಿ 17 ವರ್ಷ ತುಂಬಿದವರಿಗೆ ಸಾರ್ವಜನಿಕ ನೀರಿನಲ್ಲಿ ಗಾಳ ಹಾಕಲು ಲೈಸೆನ್ಸ್ ಬೇಕು. ರಾಜ್ಯದಲ್ಲಿ ಸತತವಾಗಿ ಆರು ತಿಂಗಳಿಗಿಂತ ಜಾಸ್ತಿ ಇದ್ದವರು ನಿವಾಸಿಗಳ ದರದಲ್ಲಿ ತೆಗೆದುಕೊಳ್ಳಬಹುದು. ವರ್ಷದ ಲೈಸೆನ್ಸ್ ಸಾಮಾನ್ಯವಾಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಹಾಗಾಗಿ ಜುಲೈನಲ್ಲಿ ಕೊಳ್ಳುವವರು ಯೋಚಿಸಿ ಕೊಳ್ಳಿ.

ಊರಿನಿಂದ ಅಪ್ಪ-ಅಮ್ಮ ಬಂದಿದ್ದಾರೆ, ಅಪ್ಪನಿಗೆ ಗಾಳ ಹಾಕುವ ಆಸೆ. ಇಂಥ ಮನೆಗಳು ತುಂಬ ಇವೆ, ಅಲ್ವಾ? ಅವರಿಗೊಂದು ಒಳ್ಳೆಯ ದಾರಿಯಿದೆ. ಟೆಕ್ಸಾಸ್‌ನ ಸ್ಟೇಟ್ ಪಾರ್ಕ್ ಒಳಗೆ ದಡದಿಂದ ಮೀನು ಹಿಡಿಯಲು ಲೈಸೆನ್ಸ್ ಬೇಕಿಲ್ಲ, ಪಾರ್ಕಿನ ಪ್ರವೇಶ ಶುಲ್ಕ ಕೊಟ್ಟರೆ ಸಾಕು. ಜೂನ್ ತಿಂಗಳ ಮೊದಲ ಶನಿವಾರವಂತೂ ರಾಜ್ಯದ ಎಲ್ಲ ಸಾರ್ವಜನಿಕ ನೀರಿನಲ್ಲೂ ಎಲ್ಲರಿಗೂ ಉಚಿತ.

ಲಾರ್ಜ್‌ಮೌತ್‌ಗೆ ರಾಜ್ಯದ ಸಾಮಾನ್ಯ ನಿಯಮ ಹೀಗಿದೆ: ಮನೆಗೆ ಒಯ್ಯುವ ಮೀನು ಕನಿಷ್ಠ 14 ಇಂಚು ಇರಬೇಕು, ದಿನಕ್ಕೆ ಐದಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಆದರೆ ಕೆಲವು ಕೆರೆಗಳಿಗೆ ಬೇರೆ ನಿಯಮವಿದೆ. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನ ಮೀನನ್ನು ವಾಪಸ್ ಬಿಡಲೇಬೇಕು. ಹೋಗುವ ಕೆರೆಯ ನಿಯಮವನ್ನು ಟೆಕ್ಸಾಸ್ ಪಾರ್ಕ್ಸ್ ಆ್ಯಂಡ್ ವೈಲ್ಡ್‌ಲೈಫ್ ಇಲಾಖೆಯ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಹೊರಡಿ. ಬಡಾವಣೆಯ ಎಚ್‌ಒಎ (ಮನೆ ಮಾಲೀಕರ ಸಂಘ) ಕೆರೆಯಾದರೆ ಸಂಘದ ಅನುಮತಿ ಇದೆಯೇ ಅಂತ ಕೇಳಿ.

ಮೊದಲು ದಡ ನೋಡಿ, ಆಮೇಲೆ ಅಂಗಡಿಗೆ ಹೋಗಿ

ರಾಡ್ ಇಲ್ಲದೆ ಒಂದು ಸಂಜೆ ಕೆರೆಯ ಸುತ್ತ ನಡೆದು ಬನ್ನಿ. ಬಿಸಿಲಿನ ಕನ್ನಡಕ ಪೋಲರೈಸ್ಡ್ ಆಗಿರಲಿ. ಅದು ನೀರಿನ ಮೇಲಿನ ಹೊಳಪು ಕಡಿಮೆ ಮಾಡಿ ಒಳಗಿರುವುದನ್ನು ತೋರಿಸುತ್ತದೆ.

ನೋಡಬೇಕಾದದ್ದು ಇಷ್ಟು. ಬಿದ್ದು ಮುಳುಗಿದ ಮರಗಳು. ಜೊಂಡು ಮುಗಿದು ತೆರೆದ ನೀರು ಶುರುವಾಗುವ ಗೆರೆ. ಸೇತುವೆಯ ಕೆಳಗಿನ ನೆರಳು, ಕಟ್ಟೆಯ ಕಲ್ಲುಗಳು, ಮಳೆನೀರು ಕೆರೆಗೆ ಸೇರುವ ಕೊಳವೆಯ ಬಾಯಿ. ನಮ್ಮೂರ ಕೆರೆಗಳಲ್ಲಿ ತೂಬು, ಕೋಡಿಯ ಹತ್ತಿರ ಮೀನು ಸೇರುವುದನ್ನು ನೋಡಿದವರಿಗೆ ಇದು ಹೊಸದಲ್ಲ. ನೀರು ಹರಿಯುವ ಕಡೆ ಸಣ್ಣ ಮೀನು ಸೇರುತ್ತವೆ, ಅವುಗಳ ಹಿಂದೆ ದೊಡ್ಡವು ಬರುತ್ತವೆ. ಗಾಳಿ ಬಡಿಯುವ ದಡವನ್ನೂ ಗುರುತು ಮಾಡಿಕೊಳ್ಳಿ. ಅಲ್ಲಿ ಎಸೆಯುವುದು ಕಷ್ಟ, ಆದರೆ ಸಣ್ಣ ಮೀನುಗಳು ಆ ಕಡೆ ಸೇರುವುದರಿಂದ ಬಾಸ್ ಕೂಡ ಅಲ್ಲೇ ಇರುತ್ತದೆ. ಅಲೆಯಿಂದಾಗಿ ನೀವೂ ಅದಕ್ಕೆ ಅಷ್ಟಾಗಿ ಕಾಣಿಸುವುದಿಲ್ಲ.

ಆಸ್ಟಿನ್‌ನಲ್ಲಿದ್ದರೆ ಲೇಡಿ ಬರ್ಡ್ ಲೇಕ್ ಕಲಿಯಲು ಒಳ್ಳೆಯ ಜಾಗ. ಸುತ್ತಲೂ ನಡೆಯುವ ದಾರಿಯಿದೆ, ನೀರಿನ ಮಟ್ಟ ಹೆಚ್ಚು ಬದಲಾಗುವುದಿಲ್ಲ, ಇಂಜಿನ್ ದೋಣಿಗಳ ಗದ್ದಲವೂ ಇಲ್ಲ.

ಈಗ ನಿಮ್ಮ ಕೆರೆ ಯಾವ ಬಗೆ ಅಂತ ಗೊತ್ತಾಗಿರುತ್ತದೆ: ತೆರೆದ ಸ್ವಚ್ಛ ನೀರು, ಮರ-ಕಲ್ಲು ತುಂಬಿದ್ದು, ಅಥವಾ ತಾವರೆ ಎಲೆ ಮತ್ತು ಪಾಚಿ ಮುಚ್ಚಿದ್ದು. ಸಾಮಾನು ಅದಕ್ಕೆ ತಕ್ಕಂತೆ.

ರಾಡ್ ಮತ್ತು ರೀಲ್

ರಾಡಿನ ಹಿಡಿಯ ಮೇಲ್ಭಾಗದಲ್ಲಿ ಎಲ್ಲ ಬರೆದಿರುತ್ತದೆ. ‘ಪವರ್’ ಅಂದರೆ ಬಗ್ಗಿಸಲು ಎಷ್ಟು ಬಲ ಬೇಕು ಅಂತ. ‘ಆಕ್ಷನ್’ ಅಂದರೆ ಅದು ಎಲ್ಲಿಂದ ಬಗ್ಗುತ್ತದೆ ಅಂತ. ‘ಫಾಸ್ಟ್’ ಅಂದರೆ ತುದಿ ಮಾತ್ರ ಬಗ್ಗುತ್ತದೆ, ಉಳಿದದ್ದು ಗಟ್ಟಿ.

ಒಂದೇ ರಾಡ್ ಕೊಳ್ಳುವುದಾದರೆ ಏಳು ಅಡಿಯ, ಮೀಡಿಯಂ-ಹೆವಿ ಪವರ್, ಫಾಸ್ಟ್ ಆಕ್ಷನ್‌ನ ಸ್ಪಿನ್ನಿಂಗ್ ರಾಡ್ (ರೀಲ್ ಕೆಳಗೆ ತೂಗುವಂಥದ್ದು) ಕೊಳ್ಳಿ. ಏಳು ಅಡಿ ಯಾಕೆಂದರೆ ದಡದಲ್ಲಿ ಜೊಂಡಿನ ಮೇಲಿಂದ ಲೈನ್ ಎತ್ತಿ ಹಿಡಿಯಬೇಕಾಗುತ್ತದೆ. ಮೀಡಿಯಂ-ಹೆವಿ ಯಾಕೆಂದರೆ ಆ ಮೊದಲ ಗಳಿಗೆಯಲ್ಲಿ ಮೀನಿನ ತಲೆಯನ್ನು ಈ ಕಡೆಗೆ ತಿರುಗಿಸುವ ಬಲ ರಾಡಿನ ಕೆಳಭಾಗದಿಂದ ಬರಬೇಕು. ನಿಮ್ಮದು ಪೂರ್ತಿ ತೆರೆದ ನೀರಿನ ಕೆರೆಯಾದರೆ ಆರೂವರೆ ಅಡಿಯ ಮೀಡಿಯಂ ಸಾಕು, ಎಸೆಯುವುದಕ್ಕೂ ಹಗುರ.

ರೀಲ್ 2500 ಅಥವಾ 3000 ಅಳತೆಯ ಸ್ಪಿನ್ನಿಂಗ್ ರೀಲ್ ಆಗಿರಲಿ. ಬಾಲ್ ಬೇರಿಂಗ್ ಎಷ್ಟಿದೆ ಅಂತ ಲೆಕ್ಕ ಹಾಕುತ್ತಾ ಕೂರಬೇಡಿ. ಅಂಗಡಿಯಲ್ಲೇ ಡ್ರ್ಯಾಗ್ (ಲೈನ್ ಜಾರುವುದನ್ನು ತಡೆಯುವ ತಿರುಪು) ತುಸು ಸಡಿಲಿಸಿ ಲೈನ್ ಎಳೆದು ನೋಡಿ. ಲೈನ್ ತಡೆಯಿಲ್ಲದೆ ಒಂದೇ ಸಮನೆ ಬರಬೇಕು. ಮೊದಲು ಅಂಟಿಕೊಂಡು ಆಮೇಲೆ ಜರ್ರನೆ ಬಿಟ್ಟರೆ ಆ ರೀಲ್ ಬೇಡ. ಮೀನು ಜಗ್ಗಿದಾಗ ಲೈನ್ ತುಂಡಾಗುವುದು ಆ ಅಂಟುವ ಗಳಿಗೆಯಲ್ಲೇ.

ಬೇಟ್‌ಕಾಸ್ಟರ್ ರೀಲ್ (ರಾಡಿನ ಮೇಲೆ ಕೂರುವಂಥದ್ದು) ಮೊದಲ ದಿನದಿಂದ ಬೇಡ. ದಪ್ಪ ಲೈನಿಗೆ, ಭಾರದ ಲ್ಯೂರಿಗೆ (ಮೀನನ್ನು ಸೆಳೆಯುವ ಕೃತಕ ಎರೆ) ಅದು ನಿಜಕ್ಕೂ ಉತ್ತಮ. ಆದರೆ ಎಸೆಯುವಾಗ ಹೆಬ್ಬೆರಳಿನಿಂದ ಸ್ಪೂಲ್ (ಲೈನ್ ಸುತ್ತಿದ ಉರುಳೆ) ತಡೆಯುವುದು ರೂಢಿಯಾಗುವವರೆಗೆ ಲೈನ್ ಗೋಜಲಾಗುತ್ತಲೇ ಇರುತ್ತದೆ.

ಲೈನ್

ದುಡ್ಡು ಕಡಿಮೆಯಿದ್ದರೆ ರಾಡಿನಲ್ಲಿ ಉಳಿಸಿ, ಲೈನಿನಲ್ಲಿ ಉಳಿಸಬೇಡಿ.

ಮೊನೊಫಿಲಮೆಂಟ್ ಅಗ್ಗ, ಎಳೆದರೆ ಹಿಗ್ಗುತ್ತದೆ. ಹಿಗ್ಗುವುದರಿಂದ ಮೀನು ಹಾರಿದಾಗ ಗಾಳ ಬಿಚ್ಚಿಕೊಳ್ಳುವುದು ಕಡಿಮೆ. ಆದರೆ ದೂರದಲ್ಲಿ ಕಚ್ಚಿದರೆ ಗಾಳ ಚುಚ್ಚುವ ಬಲವೂ ಕಡಿಮೆಯೇ. ಫ್ಲೋರೋಕಾರ್ಬನ್ ನೀರಿನಲ್ಲಿ ಅಷ್ಟಾಗಿ ಕಾಣುವುದಿಲ್ಲ, ಮುಳುಗುತ್ತದೆ, ಕಲ್ಲಿಗೆ ಉಜ್ಜಿದರೂ ತಡೆದುಕೊಳ್ಳುತ್ತದೆ. ಹೆಣೆದ ಬ್ರೇಡ್ ಹಿಗ್ಗುವುದೇ ಇಲ್ಲ. ಸಣ್ಣ ದಪ್ಪದಲ್ಲಿ ಬಹಳ ಗಟ್ಟಿ, ಕಳೆಯನ್ನು ಸೀಳಿಕೊಂಡು ಬರುತ್ತದೆ. ಆದರೆ ಸ್ವಚ್ಛ ನೀರಿನಲ್ಲಿ ಎದ್ದು ಕಾಣುತ್ತದೆ, ಚೂಪು ಕಲ್ಲಿಗೆ ಉಜ್ಜಿದರೆ ಬೇಗ ಹರಿಯುತ್ತದೆ.

ತೆರೆದ ನೀರಿಗೆ 10 ಪೌಂಡಿನ (ಅಷ್ಟು ಭಾರ ತಡೆಯುವ) ಮೊನೊ ಸಾಕು. ಮರ, ಕಲ್ಲು ಇರುವ ಕಡೆ ರೀಲಿಗೆ 30 ಪೌಂಡಿನ ಬ್ರೇಡ್ ಸುತ್ತಿ, ತುದಿಗೆ ಆರು ಅಡಿಯಷ್ಟು 15 ಪೌಂಡಿನ ಫ್ಲೋರೋಕಾರ್ಬನ್ ಲೀಡರ್ ಕಟ್ಟಿ. ದಡದಿಂದ ಹಿಡಿಯುವವರಿಗೆ ನನ್ನ ಮೊದಲ ಆಯ್ಕೆ ಇದೇ. ತಾವರೆ ಎಲೆಯ ನಡುವೆ ಕಪ್ಪೆ ಲ್ಯೂರ್ ಆಡಿಸುವವರು 50 ಪೌಂಡಿನ ಬ್ರೇಡನ್ನು ಲೀಡರ್ ಇಲ್ಲದೆ ನೇರವಾಗಿ ಕಟ್ಟಬಹುದು. ಬ್ರೇಡ್ ಸುತ್ತುವ ಮೊದಲು ಸ್ಪೂಲಿಗೆ ಸ್ವಲ್ಪ ಮೊನೊ ಸುತ್ತಿ. ಇಲ್ಲದಿದ್ದರೆ ಬ್ರೇಡ್ ಸ್ಪೂಲಿನ ಮೇಲೆ ಜಾರುತ್ತದೆ, ಡ್ರ್ಯಾಗ್ ಕೆಟ್ಟಿದೆ ಅನಿಸುತ್ತದೆ.

ಗಂಟು ಮತ್ತು ಡ್ರ್ಯಾಗ್

ಇಲ್ಲಿ ನಿಧಾನವಾಗಿ ಓದಿ. ಒಳ್ಳೆಯ ರಾಡ್ ಇದ್ದೂ ಮೀನು ತಪ್ಪುವುದು ಹೆಚ್ಚಾಗಿ ಈ ಎರಡರಿಂದ.

ಪಾಲೊಮಾರ್ ಗಂಟು ಒಂದನ್ನು ಚೆನ್ನಾಗಿ ಕಲಿತರೆ ಸಾಕು, ಬ್ರೇಡಿಗೂ ಫ್ಲೋರೋಕಾರ್ಬನ್‌ಗೂ ಆಗುತ್ತದೆ. ಲೈನಿನ ತುದಿಯ ಆರಿಂಚನ್ನು ಮಡಚಿ ಜೋಡಿ ಮಾಡಿ. ಆ ಮಡಿಕೆಯನ್ನು ಗಾಳದ ಕಣ್ಣಿನೊಳಗೆ ತೂರಿಸಿ. ಜೋಡಿ ಲೈನಿನಿಂದಲೇ ಒಂದು ಸಡಿಲ ಸಾದಾ ಗಂಟು ಹಾಕಿ. ಈಗ ಮಡಿಕೆಯ ಕುಣಿಕೆಯೊಳಗಿಂದ ಇಡೀ ಗಾಳವನ್ನು ದಾಟಿಸಿ. ಎಂಜಲು ಹಚ್ಚಿ ಒದ್ದೆ ಮಾಡಿ, ಎರಡೂ ಕಡೆಯಿಂದ ನಿಧಾನವಾಗಿ ಬಿಗಿಯಿರಿ. ಒದ್ದೆ ಮಾಡುವುದನ್ನು ಮರೆಯಬೇಡಿ. ಒಣ ಲೈನ್ ಬಿಗಿಯುವಾಗ ಉಜ್ಜಿ ಬಿಸಿಯಾಗುತ್ತದೆ, ಗಂಟು ಅಲ್ಲೇ ದುರ್ಬಲವಾಗುತ್ತದೆ. ಬ್ರೇಡಿಗೆ ಲೀಡರ್ ಜೋಡಿಸಲು ಡಬಲ್ ಯೂನಿ ಗಂಟು ಸುಲಭ: ಬ್ರೇಡಿನ ಕಡೆ ಎಂಟು ಸುತ್ತು, ಲೀಡರ್ ಕಡೆ ಐದು ಸುತ್ತು.

ಇನ್ನು ಡ್ರ್ಯಾಗ್. ಮೀನು ಮಿತಿ ಮೀರಿ ಜಗ್ಗಿದಾಗ ಲೈನ್ ತುಂಡಾಗುವ ಬದಲು ರೀಲಿನಿಂದ ಜಾರಿ ಹೋಗಲಿ ಅಂತ ಇರುವ ತಡೆ ಅದು. ಲೈನಿನ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಅದನ್ನು ಹೊಂದಿಸಬೇಕು. ಕೈಯಲ್ಲಿ ಎಳೆದು ಅಂದಾಜು ಮಾಡುವುದಕ್ಕಿಂತ ಅಳೆಯುವುದೇ ಒಳ್ಳೆಯದು. ಊರಿಗೆ ಹೋಗುವಾಗ ಸೂಟ್‌ಕೇಸ್ 23 ಕಿಲೋ ದಾಟಿತೇ ಅಂತ ನೋಡುವ ಕೈತಕ್ಕಡಿ ನಮ್ಮೆಲ್ಲರ ಮನೆಯಲ್ಲೂ ಇರುತ್ತದೆ, ಅಲ್ವಾ? ಲೈನಿನ ತುದಿಯನ್ನು ಅದರ ಕೊಂಡಿಗೆ ಕಟ್ಟಿ. ಇನ್ನೊಬ್ಬರು ತಕ್ಕಡಿ ಹಿಡಿದು ಎಳೆಯಲಿ, ನೀವು ರಾಡ್ ಬಗ್ಗಿಸಿ ಹಿಡಿಯಿರಿ. 12 ಪೌಂಡಿನ ಲೈನ್ ಅಂದರೆ ಸುಮಾರು ಐದೂವರೆ ಕಿಲೋ. ತಕ್ಕಡಿ ಒಂದೂವರೆ ಕಿಲೋ ಆಸುಪಾಸು ತೋರಿಸುವಾಗ ಲೈನ್ ಜಾರಲು ಶುರುವಾಗಬೇಕು. ಬ್ರೇಡ್ ಮತ್ತು ಲೀಡರ್ ಎರಡೂ ಇದ್ದರೆ ಲೀಡರ್ ಲೆಕ್ಕವನ್ನೇ ಹಿಡಿಯಿರಿ, ಯಾಕೆಂದರೆ ಅದೇ ದುರ್ಬಲ ಕೊಂಡಿ. ತಾವರೆ ಎಲೆಯ ನಡುವೆ 50 ಪೌಂಡಿನ ಬ್ರೇಡ್ ಇದ್ದರೆ ಮಾತ್ರ ಡ್ರ್ಯಾಗ್ ಚೆನ್ನಾಗಿ ಬಿಗಿಯಾಗಿರಲಿ. ಅಲ್ಲಿ ಮೀನಿಗೆ ಒಂದು ಅಡಿ ಬಿಟ್ಟರೂ ಅದು ದಂಟಿಗೆ ಸುತ್ತಿಕೊಳ್ಳುತ್ತದೆ.

ಲ್ಯೂರ್: ನಾಲ್ಕು ಸಾಕು

ಅಂಗಡಿಯ ಗೋಡೆ ತುಂಬ ತೂಗುಬಿಟ್ಟಿರುತ್ತಾರೆ. ಅದರಲ್ಲಿ ತುಂಬ ಬಣ್ಣಗಳು ನಮ್ಮನ್ನು ಹಿಡಿಯಲು ಇರುವಂಥವು. ಶುರುವಿಗೆ ಈ ನಾಲ್ಕು ಬಗೆ ಇದ್ದರೆ ವರ್ಷ ಪೂರ್ತಿ ನಡೆಯುತ್ತದೆ.

ಮೊದಲನೆಯದು ಐದು ಇಂಚಿನ ಮೆದು ಪ್ಲಾಸ್ಟಿಕ್ ಹುಳು. ಒಂದೇ ಒಂದು ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಸೀಸದ ಗುಂಡು ಇಲ್ಲದೆ 3/0 ಅಳತೆಯ ಅಗಲ ಬಾಗಿನ ಗಾಳಕ್ಕೆ ಸಿಕ್ಕಿಸಿ ಎಸೆದರೆ ನಿಧಾನವಾಗಿ ನಡುಗುತ್ತಾ ಇಳಿಯುತ್ತದೆ. ಕಳೆ, ಕೊಂಬೆ ಇರುವ ಕಡೆ ಟೆಕ್ಸಾಸ್ ರಿಗ್ ಮಾಡಿ. ಲೈನಿಗೆ ಮೊದಲು ಬುಲೆಟ್ ಆಕಾರದ ಕಾಲು ಔನ್ಸಿನ ತೂಕ ಪೋಣಿಸಿ, ಚೂಪು ತುದಿ ರಾಡಿನ ಕಡೆಗಿರಲಿ. ಆಮೇಲೆ ಗಾಳ ಕಟ್ಟಿ. ಗಾಳದ ಮೊನೆಯನ್ನು ಹುಳುವಿನ ಮೂತಿಗೆ ಕಾಲಿಂಚು ಚುಚ್ಚಿ ಪಕ್ಕದಿಂದ ಹೊರತನ್ನಿ. ಗಾಳವನ್ನು ತಿರುಗಿಸಿ, ಅದರ ಕಣ್ಣು ಮೂತಿಯೊಳಗೆ ಕೂರುವವರೆಗೆ ಎಳೆಯಿರಿ. ಹುಳು ನೇರವಾಗಿ ತೂಗುವಂತೆ ಅಳತೆ ನೋಡಿ ಮೊನೆಯನ್ನು ಮತ್ತೆ ಮೈಯೊಳಗೆ ಚುಚ್ಚಿ. ಮೊನೆ ತೊಗಲಿನ ಅಂಚಿನಲ್ಲೇ ಅಡಗಿರಲಿ. ಹುಳು ಮಡಚಿಕೊಂಡಿದ್ದರೆ ನೀರಿನಲ್ಲಿ ಗಿರಗಿರ ತಿರುಗಿ ಲೈನ್ ಹಾಳಾಗುತ್ತದೆ, ಬಿಚ್ಚಿ ಮತ್ತೆ ಸಿಕ್ಕಿಸಿ.

ಎರಡನೆಯದು ಬಿಳಿ ಸ್ಪಿನ್ನರ್‌ಬೇಟ್ (ತಂತಿಯಲ್ಲಿ ತಿರುಗುವ ಲೋಹದ ತಗಡು ಇರುವಂಥದ್ದು), ಔನ್ಸಿನ ಎಂಟನೇ ಮೂರು ಭಾಗ ತೂಕದ್ದು. ಗಾಳಿಯಿದ್ದಾಗ, ನೀರು ಸ್ವಲ್ಪ ಕದಡಿದ್ದಾಗ ಎಸೆದು ಸುತ್ತುತ್ತಾ ಬಂದರಾಯಿತು. ಮೂರನೆಯದು ಟೊಳ್ಳು ಮೈಯ ಕಪ್ಪೆ, ತಾವರೆ ಎಲೆಗಳ ಮೇಲೆ ಕುಪ್ಪಳಿಸುತ್ತಾ ತರಲು. ನಾಲ್ಕನೆಯದು ಲಿಪ್‌ಲೆಸ್ ಕ್ರ್ಯಾಂಕ್‌ಬೇಟ್ (ಮೀನಿನ ಆಕಾರದ ಗಟ್ಟಿ ಲ್ಯೂರ್), ಒಳಗೆ ಗುಂಡು ಗಲಗಲ ಎನ್ನುವಂಥದ್ದು. ಚಳಿಗಾಲದ ಕೊನೆಯಲ್ಲಿ ನೀರೊಳಗಿನ ಹುಲ್ಲಿನ ಮೇಲೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ.

ಬಣ್ಣಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ತಿಳಿ ನೀರಿಗೆ ಹಸಿರು-ಕಂದು, ಕದಡಿದ ನೀರಿಗೆ ಕಪ್ಪು-ನೀಲಿ.

ಎಸೆಯುವುದು

ನೇರ ನೀರಿನ ಅಂಚಿಗೆ ಹೋಗಿ ನಿಲ್ಲಬೇಡಿ. ಹತ್ತು ಅಡಿ ಹಿಂದೆ ನಿಂತು ಮೊದಲು ದಡದ ಬುಡಕ್ಕೇ ಎಸೆಯಿರಿ. ಭಾರವಾದ ಹೆಜ್ಜೆ ಸದ್ದು, ನೀರಿನ ಮೇಲೆ ಬೀಳುವ ನೆರಳು, ಎರಡನ್ನೂ ಬಾಸ್ ಗಮನಿಸುತ್ತದೆ.

ದಡದವರಿಗೆ ಇರುವ ದೊಡ್ಡ ಅನುಕೂಲ ದಡಕ್ಕೆ ಸಮಾನಾಂತರವಾಗಿ ಎಸೆಯುವುದು. ನಡುನೀರಿಗೆ ಎಸೆದರೆ ಲ್ಯೂರ್ ಮೀನಿರುವ ಪಟ್ಟಿಯನ್ನು ಒಂದೇ ಕ್ಷಣ ದಾಟಿ ಬರುತ್ತದೆ. ದಡದ ಗುಂಟ ಎಸೆದರೆ ಉದ್ದಕ್ಕೂ ಆ ಪಟ್ಟಿಯಲ್ಲೇ ಬರುತ್ತದೆ. ಮೊದಲು ಎಡಗಡೆ ದಡದ ಗುಂಟ, ಆಮೇಲೆ ಬೀಸಣಿಗೆ ಬಿಚ್ಚಿದ ಹಾಗೆ ಒಂದೊಂದೇ ಕೋನ ತಿರುಗಿಸುತ್ತಾ ಬಲಗಡೆ ದಡದವರೆಗೆ ಎಸೆಯಿರಿ. ಕಚ್ಚದಿದ್ದರೆ ಮುಂದಿನ ಜಾಗಕ್ಕೆ ನಡೆಯಿರಿ. ಕುರ್ಚಿ ಹಾಕಿಕೊಂಡು ಕಾಯುವ ಮೀನುಗಾರಿಕೆ ಇದಲ್ಲ.

ಪ್ಲಾಸ್ಟಿಕ್ ಹುಳು ನೀರಿಗೆ ಬಿದ್ದ ಮೇಲೆ ಏನೂ ಮಾಡದೆ ಲೈನ್ ನೋಡಿ. ಹೆಚ್ಚಿನ ಸಲ ಅದು ಇಳಿಯುವಾಗಲೇ ಕಚ್ಚುತ್ತದೆ. ಕೈಗೆ ಏನೂ ತಿಳಿಯದೆ ಇರಬಹುದು. ಲೈನ್ ಪಕ್ಕಕ್ಕೆ ಸರಿದರೆ, ಚಿಟಿಕೆ ಹೊಡೆದಂತೆ ಅಲುಗಿದರೆ, ತಳ ಮುಟ್ಟುವ ಮೊದಲೇ ಸಡಿಲಾದರೆ ಅದು ಮೀನು.

ಕಚ್ಚಿದ ಮೇಲೆ

ಸಡಿಲ ಲೈನನ್ನು ಬೇಗ ಸುತ್ತಿಕೊಂಡು, ಬಿಗಿ ಬಂದ ಕೂಡಲೇ ರಾಡನ್ನು ಗಟ್ಟಿಯಾಗಿ ಹಿಂದಕ್ಕೆಳೆಯಿರಿ. ಕಪ್ಪೆ ಲ್ಯೂರಿಗೆ ಮಾತ್ರ ಆತುರ ಬೇಡ. ನೀರು ಸಿಡಿದದ್ದು ನೋಡಿ ಎಳೆದರೆ ಬಾಯಿಂದ ಕಿತ್ತುಕೊಂಡು ಬರುತ್ತದೆ. ಕೈಗೆ ಭಾರ ಸಿಕ್ಕ ಮೇಲೆ ಎಳೆಯಿರಿ.

ಈಗ ಮೊದಲ ಗಳಿಗೆ. ರೀಲ್ ನಿಲ್ಲಿಸಬೇಡಿ, ರಾಡನ್ನು ಮರದ ಎದುರು ದಿಕ್ಕಿಗೆ ಬಗ್ಗಿಸಿ ಮೀನಿನ ತಲೆ ತಿರುಗಿಸಿ. ಅದು ತೆರೆದ ನೀರಿಗೆ ಬಂತೆಂದರೆ ಅರ್ಧ ಗೆದ್ದಿರಿ. ಲೈನ್ ಮೇಲಕ್ಕೇರುತ್ತಿದ್ದರೆ ಮೀನು ಹಾರಲಿದೆ ಎಂದರ್ಥ. ರಾಡಿನ ತುದಿಯನ್ನು ನೀರಿನ ಕಡೆಗೆ ಇಳಿಸಿ ಪಕ್ಕಕ್ಕೆ ಎಳೆಯಿರಿ, ಲೈನ್ ಬಿಗಿಯಾಗೇ ಇರಲಿ. ಡ್ರ್ಯಾಗ್ ಜಾರುತ್ತಿರುವಾಗ ಹಿಡಿ ಸುತ್ತಬೇಡಿ. ಒಂದಿಂಚೂ ಬರುವುದಿಲ್ಲ, ಲೈನ್ ತಿರುಚಿಕೊಂಡು ಮುಂದೆ ಗೋಜಲಾಗುತ್ತದೆ.

ಕಾಲಬುಡಕ್ಕೆ ಬಂದಾಗ ಲೈನ್ ತೀರ ಗಿಡ್ಡವಾಗಿರುತ್ತದೆ, ಜಗ್ಗಿದರೆ ಹಿಗ್ಗಲು ಜಾಗವಿಲ್ಲ. ರಾಡಿನ ತುದಿಯಿಂದ ಆರೇಳು ಅಡಿ ಲೈನ್ ಬಿಟ್ಟುಕೊಂಡಿರಿ. ಎತ್ತರದ ಕಟ್ಟೆಯಾದರೆ ಉದ್ದ ಹಿಡಿಯ ಬಲೆ ಬೇಕೇ ಬೇಕು. ಲೈನ್ ಹಿಡಿದು ಮೀನನ್ನು ಮೇಲಕ್ಕೆತ್ತಬೇಡಿ.

ವಾಪಸ್ ಬಿಡುವುದು

ಅಮೆರಿಕದ ಬಾಸ್ ಮೀನುಗಾರರಲ್ಲಿ ಹಿಡಿದು ಬಿಡುವುದು ಈಗ ರೂಢಿ. 1970ರ ದಶಕದಲ್ಲಿ ರೇ ಸ್ಕಾಟ್ ತಮ್ಮ ಪಂದ್ಯಗಳಲ್ಲಿ ಮೀನನ್ನು ಜೀವಂತ ಬಿಡಿಸಲು ಶುರು ಮಾಡಿದ ಮೇಲೆ ಇದು ಹರಡಿತು. ಮೀನು ತಿನ್ನದ ಮನೆಯವರೂ ಈ ಹವ್ಯಾಸಕ್ಕೆ ಬರುವುದು ಇದರಿಂದಲೇ. ಆದರೆ ಬಿಟ್ಟ ಮೀನು ಬದುಕಬೇಕು. ಇಲ್ಲದಿದ್ದರೆ ಬಿಟ್ಟು ಏನು ಬಂತು?

ಕೈ ಒದ್ದೆ ಮಾಡಿಕೊಳ್ಳಿ, ಒಣ ಕೈ ಮೀನಿನ ಮೈಯ ಲೋಳೆ ಕೀಳುತ್ತದೆ. ಹೆಬ್ಬೆರಳನ್ನು ಬಾಯೊಳಗಿಟ್ಟು ಕೆಳದವಡೆ ಹಿಡಿಯಿರಿ, ಅದರ ಹಲ್ಲು ಮರಳುಕಾಗದದಷ್ಟು ತರಿ, ಅಷ್ಟೇ. ದೊಡ್ಡ ಮೀನನ್ನು ದವಡೆಯಲ್ಲಿ ಮಾತ್ರ ಹಿಡಿದು ಅಡ್ಡಡ್ಡ ಚಾಚಬೇಡಿ, ಇನ್ನೊಂದು ಕೈ ಹೊಟ್ಟೆಯ ಕೆಳಗಿರಲಿ. ಫೋಟೋ ತೆಗೆಯುವವರು ಸಿದ್ಧರಾದ ಮೇಲೆ ಮೀನನ್ನು ನೀರಿನಿಂದ ಎತ್ತಿ. ಇಕ್ಕಳದಿಂದ ಗಾಳ ತೆಗೆಯಿರಿ. ಗಾಳದ ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಅದುಮಿದ್ದರೆ ಸಲೀಸಾಗಿ ಬರುತ್ತದೆ. ಗಂಟಲಾಳಕ್ಕೆ ಹೋಗಿದ್ದು ಬರುತ್ತಿಲ್ಲವಾದರೆ ಕಿತ್ತು ಗಾಯ ಮಾಡುವುದಕ್ಕಿಂತ ಲೈನನ್ನು ಗಾಳದ ಹತ್ತಿರವೇ ಕತ್ತರಿಸಿ. ನೀರಿನಲ್ಲಿ ಹಿಡಿದುಕೊಂಡು, ತಾನೇ ಬಾಲ ಬಡಿದು ಹೋಗುವವರೆಗೆ ಕಾಯಿರಿ.

ವಸಂತದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ನೀರು 60 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ, ಟೆಕ್ಸಾಸ್‌ನಲ್ಲಿ ಫೆಬ್ರವರಿಯಿಂದ ಮೇ ನಡುವೆ, ಬಾಸ್ ದಡದ ಹತ್ತಿರ ಗೂಡು ಮಾಡಿ ಮೊಟ್ಟೆಯಿಡುತ್ತದೆ. ಗೂಡು ಕಾಯುವುದು ಗಂಡು. ಅದನ್ನು ಹಿಡಿದು ದೂರ ಒಯ್ದರೆ ಪುಟ್ಟ ಬ್ಲೂಗಿಲ್ ಮೀನುಗಳು ಮೊಟ್ಟೆ ತಿಂದುಹಾಕುತ್ತವೆ. ಹಿಡಿದರೂ ಅದೇ ಜಾಗದಲ್ಲಿ ಬೇಗ ಬಿಡಿ.

13 ಪೌಂಡ್ ಅಥವಾ ಅದಕ್ಕಿಂತ ದೊಡ್ಡದು ಸಿಕ್ಕಿದರೆ 1986ರಿಂದ ನಡೆಯುತ್ತಿರುವ ಶೇರ್‌ಲಂಕರ್ ಯೋಜನೆಗೆ ತಿಳಿಸಿ. ಜನವರಿಯಿಂದ ಮಾರ್ಚ್ ಕೊನೆಯವರೆಗೆ ಅಂಥ ಮೀನನ್ನು ಜೀವಂತ ಪಡೆದು ಇಲಾಖೆ ಮರಿ ಮಾಡಿಸುತ್ತದೆ.

ಕಾಲಕೆಳಗೂ ನೋಡಿ

ಬೇಸಿಗೆಯಲ್ಲಿ ಬೆಳಕು ಹರಿಯುವ ಹೊತ್ತು, ಸೂರ್ಯ ಮುಳುಗುವ ಹೊತ್ತು ಮಾತ್ರ ಹೋಗಿ, ನಿಮಗೂ ಮೀನಿಗೂ ಅದೇ ಒಳ್ಳೆಯದು. ನಿಲ್ಲುವ ಮೊದಲು ಕೆಂಪು ಬೆಂಕಿ ಇರುವೆಯ ಗೂಡು ಇದೆಯೇ ನೋಡಿ. ಎತ್ತರದ ಹುಲ್ಲಿನಲ್ಲಿ ಬೂಟು ಇಲ್ಲದೆ ನಡೆಯಬೇಡಿ. ಅಲ್ಲಿ ಕಾಟನ್‌ಮೌತ್ ಎಂಬ ವಿಷದ ಹಾವು ಇರುತ್ತದೆ. ಗುಡುಗು ಕೇಳಿಸಿದ ಕೂಡಲೇ ರಾಡ್ ಇಳಿಸಿ ಕಾರಿಗೆ ಹೋಗಿ. ಗ್ರಾಫೈಟ್ ರಾಡ್‌ನಲ್ಲಿ ವಿದ್ಯುತ್ ಹರಿಯುತ್ತದೆ.

ತುಂಡಾದ ಲೈನನ್ನು ದಡದಲ್ಲಿ ಬಿಡಬೇಡಿ, ಬಾತುಕೋಳಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟಿನ ಕೆಸರು, ಲ್ಯೂರಿಗೆ ಅಂಟಿದ ಕಳೆ ತೆಗೆದು ಎಲ್ಲ ಒಣಗಿಸಿ. ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ, ಜೈಂಟ್ ಸಾಲ್ವಿನಿಯಾ ಎಂಬ ಕಳೆ ಟೆಕ್ಸಾಸ್‌ನ ಕೆರೆಗಳಿಗೆ ಹೀಗೇ ಹರಡುತ್ತಿವೆ. ಮನೆಗೆ ಬಂದ ಮೇಲೆ ಡ್ರ್ಯಾಗ್ ತಿರುಪನ್ನು ಪೂರ್ತಿ ಸಡಿಲಿಸಿಡಿ. ಲೀಡರನ್ನು ಬೆರಳುಗಳ ನಡುವೆ ಹಾಯಿಸಿ, ಒರಟಾದ ಕಡೆ ಕತ್ತರಿಸಿ, ಹೊಸ ಗಂಟು ಹಾಕಿಡಿ.